ಗೌರಿಗೆ ಕಾಲು ಕೊಟ್ಟ ಮಾರ್ತಾಂಡ

ಮಾರ್ತಾಂಡ ಕಟ್ಟಿಯ ಉದ್ಯೋಗ ಗಂಡಸರಿಗೆ ಸೀರೆ ಉಡಿಸುವುದಾಗಿತ್ತು. ನಗುವವರು ಇಲ್ಲೇ ಒಮ್ಮೆ ನಕ್ಕು ಮುಗಿಸಿಬಿಡಬೇಕು. ಇದರಲ್ಲಿ ನಗುವಂಥದ್ದೇನಿದೆ ಎಂಬುದು ಮಾರ್ತಾಂಡನಿಗೆ ಮಾತ್ರ ಎಂದೂ ತಿಳಿಯಲಿಲ್ಲ. ಪುಣೆಯ ಮಂಗಲಮೂರ್ತಿ ನಾಟಕ ಮಂಡಳಿಯಲ್ಲಿ ಹೆಂಗಸರ ಪಾತ್ರಗಳನ್ನೆಲ್ಲ ಗಂಡಸರೇ ಮಾಡುತ್ತಿದ್ದರು. ಒಂಬತ್ತು ಗಜದ ಕಚ್ಚೆ ಸೀರೆಯನ್ನು ಗಂಡಸರು ತಾವಾಗಿ ಉಟ್ಟರೆ ಹೆಂಗಸರಂತೆ ಕಾಣುವುದಿಲ್ಲ, ಸೀರೆ ಕದ್ದು ಓಡುತ್ತಿರುವವರಂತೆ ಕಾಣುತ್ತಾರೆ. ಅಂಥವರನ್ನು ಹಿಡಿದು ರಾಣಿ, ದಾಸಿ, ಋಷಿಪತ್ನಿ ಮಾಡಿ ರಂಗದ ಮೇಲೆ ಕಳಿಸುವುದು ಅವನ ಕೆಲಸ.

ಅವನು ಧಾರವಾಡದವನು. ತಂದೆ ತಾಯಿ ಇಬ್ಬರೂ ತೀರಿಕೊಂಡ ವರ್ಷ, ಊರಿಗೆ ಬಂದಿದ್ದ ಮಂಡಳಿಯ ಸಾಮಾನಿನ ಗಾಡಿ ಹತ್ತಿ ಪುಣೆಗೆ ಬಂದಿದ್ದ. ನಾಯಕಿಯಾಗುವ ಆಸೆಯಿತ್ತು. ಆದರೆ ಸ್ವಲ್ಪ ದಿನದಲ್ಲೇ ದನಿ ಒಡೆಯಿತು, ತಲೆ ಬಾಗಿಲ ಚೌಕಟ್ಟಿಗೆ ಬಡಿಯತೊಡಗಿತು. ಆ ಎತ್ತರದ ನಾಯಕಿಗೆ ನಾಯಕ ಎಲ್ಲಿ ಸಿಗಬೇಕು? ಮಾಲಕರು ಅವನನ್ನು ರಂಗದ ಹಿಂದಕ್ಕೆ ಕಳಿಸಿದರು. ಅಲ್ಲಿ ಅವನು ತನ್ನ ವಿದ್ಯೆ ಕಲಿತ. ಗಂಟಲಿನ ಗಂಟು ಮುಚ್ಚಲು ಸೆರಗನ್ನು ಎಲ್ಲಿಗೆ ತರಬೇಕು, ಸೊಂಟವೇ ಇಲ್ಲದವನಿಗೆ ಹಳೆಯ ಧೋತರ ಸುತ್ತಿ ಸೊಂಟ ಹೇಗೆ ಮಾಡಬೇಕು, ಹಲಗೆಯಂಥ ಪಾದದ ಮೇಲೆ ಅಂಚು ಎಷ್ಟು ಇಳಿಯಬೇಕು, ಎಲ್ಲ ಕೈಗೆ ಹತ್ತಿತು. ಉಡಿಸುವಾಗ ಅವನ ಬಾಯಲ್ಲಿ ಬರುತ್ತಿದ್ದುದು ಎರಡೇ ಮಾತು. ಒಂದು "ಉಸರ ಹಿಡೀರಿ", ಇನ್ನೊಂದು "ಕಾಲ ಎತ್ರಿ".

ಮೂವತ್ಮೂರನೇ ಇಸವಿಯ ಬೇಸಿಗೆಯಲ್ಲಿ ಮಂಡಳಿ ಮುಚ್ಚಿತು. ಜನ ಮಾತಾಡುವ ಸಿನಿಮಾಕ್ಕೆ ಹೋಗತೊಡಗಿದ್ದರು. ನಾಟಕಗೃಹದವನು ಅರಮನೆ, ಉಪವನಗಳ ಪರದೆಗಳನ್ನು ಕಿತ್ತು ಅಲ್ಲಿ ಒಂದು ಬಿಳಿ ಬಟ್ಟೆ ಬಿಗಿದ. ಕೊನೆಯ ದಿನ ಮಾಲಕರು ಎಲ್ಲರನ್ನೂ ಕೂಡಿಸಿ ಒಂದೊಂದು ತೆಂಗಿನಕಾಯಿ ಕೊಟ್ಟರು, ಭಾಷಣ ಮಾಡಿದರು, ಭಾಷಣದ ನಡುವೆ ಅತ್ತರು. ಕೇಳುವವರೂ ಅತ್ತರು. ಎಲ್ಲರೂ ನುರಿತ ನಟರಾದ್ದರಿಂದ ಯಾರದು ಎಷ್ಟು ನಿಜ ಎಂದು ಗೊತ್ತಾಗಲಿಲ್ಲ. ನಾಯಕಿಯ ಪಾತ್ರ ಮಾಡುತ್ತಿದ್ದ ಬಾಳು ಎಂಬ ನಟ ಮರುದಿನದಿಂದಲೇ ಮೀಸೆ ಬಿಡಲು ಸುರು ಮಾಡಿ, ಮಿರಜಿನಲ್ಲಿ ಮಾವನ ಕಿರಾಣಿ ಅಂಗಡಿ ಸೇರಿಕೊಂಡ.

ಮಾರ್ತಾಂಡ ತೆಂಗಿನಕಾಯಿ ಹಿಡಿದುಕೊಂಡು ಮನೆಗೆ ಬಂದ. ಮನೆ ಎಂದರೆ ಸದಾಶಿವ ಪೇಠೆಯ ದೇಸಾಯರ ವಾಡೆಯ ಮಾಡಿಯ ಮೇಲೆ ಬಾಡಿಗೆಯ ಒಂದು ಕೋಣೆ, ಅದರ ಮುಂದೆ ತುಂಡು ಪಡಸಾಲೆ. ಹೆಂಡತಿ ನರ್ಮದಾ ಕಾಯಿ ತೆಗೆದುಕೊಂಡು ಅಲ್ಲಾಡಿಸಿ ನೋಡಿದಳು.

"ಮಂಡಳಿ ಮುಚ್ಚಿತು," ಎಂದ ಮಾರ್ತಾಂಡ.

"ನೀರು ಛಲೋ ಅದ," ಎಂದಳು ನರ್ಮದಾ. "ಚಟ್ನಿ ಮಾಡ್ತೀನಿ, ಕೈಕಾಲು ತೊಳಕೊಂಡು ಬರ್ರಿ."

ಅವಳಿಗೆ ಎದೆ ಧಸಕ್ಕೆಂದಿರಲಿಲ್ಲ ಎಂದಲ್ಲ. ಆದರೆ ಇಬ್ಬರ ಎದೆಯೂ ಒಟ್ಟಿಗೆ ಧಸಕ್ಕೆಂದರೆ ಅಡಿಗೆ ಮಾಡುವವರು ಯಾರು?

ಸ್ವಲ್ಪ ದಿನದ ಮೇಲೆ ನರ್ಮದಾಳ ಅಣ್ಣ ರಾಘಣ್ಣ ಧಾರವಾಡದಿಂದ ಬಂದ. ಅವನದು ಕಟ್ಟಿಗೆ ಮಾರುವ ಅಡ್ಡೆ. ಒಳ್ಳೆಯ ಮನುಷ್ಯ; ತೊಂದರೆ ಇದ್ದದ್ದೇ ಅದರಲ್ಲಿ. ಕೆಟ್ಟವನಾಗಿದ್ದರೆ ಬೇಡ ಎನ್ನುವುದು ಸುಲಭವಾಗುತ್ತಿತ್ತು.

"ನಮ್ಮ ಅಡ್ಡೆಕ್ಕ ಬರ್ರಿ ಮಾರ್ತಾಂಡರಾವ್," ಎಂದ. "ಕುರ್ಚಿ ಮ್ಯಾಲೆ ಕೂತು ತೂಕ ನೋಡೂದು, ಅಷ್ಟ. ಇರಲಿಕ್ಕೆ ನಮ್ಮ ಮನ್ಯಾಗ ಮಾಡಿ ಮ್ಯಾಲಿನ ಖೋಲಿ ಖಾಲೀನ ಅದ. ಗೌರಿ ಹಬ್ಬ ಮುಗಿದ ದಿನ ನಾನ ಬರ್ತೀನಿ. ಗಂಟು ಕಟ್ಟಿ ಇಟ್ಟಿರ್ರಿ. ಅಷ್ಟರಾಗ ಇಲ್ಲೆ ಏನರೆ ಹತ್ತಿದ್ರ ಸಂತೋಷ."

ಮಾರ್ತಾಂಡನಿಗೆ ಕಟ್ಟಿಗೆಯ ಮೇಲೆ ಸಿಟ್ಟಿರಲಿಲ್ಲ. ಆದರೆ ಧಾರವಾಡದಲ್ಲಿ ಅವನು ಮಾರ್ತಾಂಡನಾಗಿ ಉಳಿಯುತ್ತಿರಲಿಲ್ಲ, ಕಟ್ಟಿಗೆ ರಾಘಣ್ಣನ ತಂಗಿಯ ಗಂಡನಾಗುತ್ತಿದ್ದ. ಸಾಯುವತನಕ ಹೆಂಡತಿಯ ಅಣ್ಣನ ಮಾಡಿಯ ಮೇಲೆ, ಯಾರಿಗೂ ಬೇಡವಾದ ವಿದ್ಯೆಯೊಂದನ್ನು ಬಗಲಲ್ಲಿಟ್ಟುಕೊಂಡು ಇರಬೇಕು. ನರ್ಮದಾಳ ಪಾಲಿಗೆ ಧಾರವಾಡ ಎಂದರೆ ಅತ್ತಿಗೆಯ ಅಡಿಗೆಮನೆ. ಆ ಬಗ್ಗೆ ಅವಳು ಬಾಯಿಬಿಟ್ಟು ಏನೂ ಹೇಳಲಿಲ್ಲ, ಅಣ್ಣ ಹೋದ ಮೇಲೆ ಎರಡು ದಿನ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು. ಒಟ್ಟಿನಲ್ಲಿ ಗೌರಿ ಹಬ್ಬದೊಳಗೆ ಪುಣೆಯಲ್ಲಿ ಒಂದು ದಾರಿ ಆಗಬೇಕು, ಇಲ್ಲದಿದ್ದರೆ ಧಾರವಾಡ.

ಮೊದಲು ಅವನು ಸಿನಿಮಾ ಕಂಪನಿಯೊಂದಕ್ಕೆ ಹೋದ. ಅಲ್ಲಿಯ ಮ್ಯಾನೇಜರು ಸಭ್ಯ ಗೃಹಸ್ಥ. ಕುರ್ಚಿ ಕೊಟ್ಟು, ಚಹಾ ತರಿಸಿ, ನಮ್ಮಲ್ಲಿ ಹೆಂಗಸರ ಪಾತ್ರವನ್ನು ಹೆಂಗಸರೇ ಮಾಡುತ್ತಾರೆ ಎಂದು ಮರಾಠಿಯಲ್ಲಿ ಮೆಲ್ಲಗೆ ತಿಳಿಸಿದರು. ಮಾರ್ತಾಂಡ ಸ್ವಲ್ಪ ಹೊತ್ತು ಯೋಚಿಸಿ, ಅವರಿಗೆ ಸೀರೆ ಉಡಲು ಬರುತ್ತದೆಯೇ ಎಂದು ಕೇಳಿದ. ಬರುತ್ತದೆ ಎಂದರು ಮ್ಯಾನೇಜರು. ಮಾರ್ತಾಂಡ ಚಹಾ ಕುಡಿದು ಎದ್ದ. ಇಂಥದ್ದೊಂದು ವ್ಯವಸ್ಥೆ ಜಗತ್ತಿನಲ್ಲಿ ನಡೆಯಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಆಮೇಲೆ ಲಕ್ಷ್ಮೀ ರಸ್ತೆಯಲ್ಲಿ ಕುಶಲಚಂದ ಎಂಬ ಮಾರವಾಡಿಯ ಸೀರೆ ಅಂಗಡಿ. ಸೀರೆಯ ವಿಷಯ ಬಲ್ಲವನು ಎಂದು ಕುಶಲಚಂದ ಅವನನ್ನು ಕೂಡಲೇ ಇಟ್ಟುಕೊಂಡ. ಅಂಗಡಿಯ ರೂಢಿ ಎಂದರೆ ಬಿಳಿ ಗಾದಿಯ ಮೇಲೆ ಸೀರೆ ಬಿಚ್ಚಿ ಹಾಸುವುದು, ಗಿರಾಕಿ ಕೂತಲ್ಲಿಂದ ನೋಡುವುದು. ಮಾರ್ತಾಂಡನಿಗೆ ಇದು ಸರಿ ಕಾಣಲಿಲ್ಲ. ಹಾಸಿದ ಸೀರೆ ಹಾಸಿಗೆಯಲ್ಲದೆ ಇನ್ನೇನು? ಎರಡನೇ ದಿನ ಮದುವೆಯ ಶಾಲು, ಎಂದರೆ ಮದುಮಗಳ ಜರಿಸೀರೆ, ಕೊಳ್ಳಲು ಒಂದು ದೊಡ್ಡ ಕುಟುಂಬ ಬಂತು. ಮಾರ್ತಾಂಡ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ನೌಕರನನ್ನು ಎಬ್ಬಿಸಿ ನಿಲ್ಲಿಸಿ, ಅವನಿಗೆ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಶಾಲು ಉಡಿಸಿಬಿಟ್ಟ. ದಪ್ಪ ಮೀಸೆಯ ಆ ಮನುಷ್ಯ ಒಂದು ಕ್ಷಣ ಸಾಕ್ಷಾತ್ ಮದುಮಗಳಾಗಿ ನಿಂತ. ಮದುಮಗಳ ಅಜ್ಜಿಗೆ ಶಾಲು ಮನಸ್ಸಿಗೆ ಬಂತು, ಆದರೆ ನಮ್ಮ ಹುಡುಗಿಗೆ ಇಷ್ಟು ಚೆನ್ನಾಗಿ ಒಪ್ಪುವುದಿಲ್ಲ ಎಂದು ನಿಟ್ಟುಸಿರು ಬಿಟ್ಟಳು. ಹುಡುಗಿ ಅತ್ತಳು. ಎಲ್ಲರೂ ಎದ್ದು ಹೋದರು. ನೌಕರ ಶಾಲು ಬಿಚ್ಚಿಟ್ಟು, ಇವನಿರುವ ಅಂಗಡಿಯಲ್ಲಿ ತಾನಿರುವುದಿಲ್ಲ ಎಂದ. ಅವನು ಹಳಬ. ಆದ್ದರಿಂದ ಮಾರ್ತಾಂಡ ಹೋಗಬೇಕಾಯಿತು.

ಆಮೇಲೆ ಅವನು ಎಲ್ಲಿಯೂ ಹೋಗಲಿಲ್ಲ. ಪಡಸಾಲೆಯಲ್ಲಿ ಕಂಬಕ್ಕೆ ಆತು ಕೂತಿರುತ್ತಿದ್ದ. ನರ್ಮದಾ ಉಣ್ಣಲು ಕರೆದರೆ ಎದ್ದು ಬಂದು ಉಣ್ಣುತ್ತಿದ್ದ, ಕರೆಯದಿದ್ದರೆ ಇಲ್ಲ. ಬೇಸರವಾಗಿದೆ ಎಂದು ಕೂಡ ಹೇಳುತ್ತಿರಲಿಲ್ಲ. ಶ್ರಾವಣ ಹೀಗೇ ಕಳೆಯಿತು.

ವಾಡೆಯ ಯಜಮಾನಿ ಕೃಷ್ಣಾಬಾಯಿ ದೇಸಾಯಿ. ಯಜಮಾನರೂ ಇದ್ದರು, ತೂಗುಮಣೆಯ ಮೇಲೆ ಇದ್ದರು, ಕಾರಭಾರ ಮಾತ್ರ ಕೃಷ್ಣಾಬಾಯಿಯದು. ವಿಜಾಪುರದ ಕಡೆಯ ಮನೆತನ. ಪುಣೆಗೆ ಬಂದು ಮೂರು ತಲೆಮಾರಾದರೂ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಭಾದ್ರಪದದಲ್ಲಿ ಅವರ ಮನೆಗೆ ನಿಂತ ಗೌರಿ ಬರುತ್ತಾಳೆ. ಅಕ್ಕ ತಂಗಿ ಎಂದು ಇಬ್ಬರು. ಗೋಧಿ ತುಂಬಿದ ತಗಡಿನ ಕೋಠಿಗೆ ಸೀರೆ ಸುತ್ತಿ, ಆವಾಹನೆಯ ಸಂಜೆ ಅದರ ಮೇಲೆ ಹಿತ್ತಾಳೆಯ ಮುಖ ಇಡುವುದು. ಮರುದಿನ ಪೂಜೆ, ಹೋಳಿಗೆ, ಅರಿಷಿಣ ಕುಂಕುಮ. ಮೂರನೇ ದಿನ ಕಳಿಸಿಕೊಡುವುದು. ಒಮ್ಮೆ ಮುಖ ಇಟ್ಟ ಮೇಲೆ ಕಳಿಸುವತನಕ ಗೌರಿಯನ್ನು ಕದಲಿಸುವಂತಿಲ್ಲ.

ಕೃಷ್ಣಾಬಾಯಿಯ ಬೆರಳುಗಳು ಸಂಧಿವಾತದಿಂದ ಸೆಟೆದುಕೊಂಡಿದ್ದವು. ಸೊಸೆ ಅಂಬಾ ಶಾಲೆ ಕಲಿತ ಹುಡುಗಿ, ಹೊಸ ಕಾಲದಂತೆ ಕಚ್ಚೆಯಿಲ್ಲದೆ ಉಡುವಾಕೆ. ಹೀಗಾಗಿ ಪ್ರತಿ ವರ್ಷ ಗೌರಿಗೆ ಸೀರೆ ಉಡಿಸುವುದು ನರ್ಮದಾಳ ಪಾಲಿಗೆ ಬಂದಿತ್ತು. ಈ ವರ್ಷ ಆವಾಹನೆಯ ದಿನ ಬೆಳಿಗ್ಗೆ ಎದ್ದವಳೇ ನರ್ಮದಾ ಹೊರಗಾದಳು. ಚಾಪೆ, ತಂಬಿಗೆ ತೆಗೆದುಕೊಂಡು ಪಡಸಾಲೆಯ ಮೂಲೆ ಸೇರಿದಳು. ಇನ್ನು ನಾಲ್ಕನೇ ದಿನದ ಸ್ನಾನದವರೆಗೆ ಅವಳು ಯಾರನ್ನೂ ಯಾವುದನ್ನೂ ಮುಟ್ಟುವಂತಿಲ್ಲ, ದೇವರಿರುವ ಕಡೆ ಸುಳಿಯುವಂತಿಲ್ಲ.

"ನೀವು ಹೋಗ್ರಿ," ಎಂದಳು ಗಂಡನಿಗೆ, ಮೂಲೆಯಿಂದ.

"ನಾನ?"

"ಮತ್ತ ಯಾರಿಗೆ ಹೇಳ್ಲಿ? ಸ್ನಾನ ಮಾಡಿ ಮಡಿ ಉಟ್ಟು ಹೋಗ್ರಿ. ಕೋಠಿಗೆ ಸುತ್ತಿ, ಜಾರದಂಗ ಗುಂಡುಸೂಜಿ ಚುಚ್ಚಿದ್ರ ಆತು. ಭಾಳ ಕಲಾಕುಸರಿ ಮಾಡಬ್ಯಾಡ್ರಿ."

ಮಾರ್ತಾಂಡ ಮಡಿ ಉಟ್ಟು ಕೆಳಗೆ ಹೋದ. ಕೃಷ್ಣಾಬಾಯಿ ಎರಡು ಹಸಿರು ಪೈಠಣಿ ಸೀರೆ ಅವನ ಕೈಗೆ ಕೊಟ್ಟು ಹೋಳಿಗೆಯ ತಯಾರಿಗೆ ಅಡಿಗೆಮನೆ ಹೊಕ್ಕಳು. ಅವನು ಸೀರೆ ಕೊಡವಿದ, ಅಂಚು ಹಿಡಿದ, ಒಂದು ಸುತ್ತು ತಂದ, ಕಚ್ಚೆಗೆ ಬಂದ. ಬಂದು, "ಕಾಲ ಎತ್ರಿ," ಎಂದ.

ಗೌರಿಗೆ ಕಾಲಿರಲಿಲ್ಲ. ಕೆಳಗೆ ದುಂಡಗಿನ ತಗಡು. ನರ್ಮದಾ ಮತ್ತು ಊರಿನ ಉಳಿದ ಹೆಂಗಸರು ಇಷ್ಟು ವರ್ಷ ಮುಂದೆ ನಾಲ್ಕು ನಿರಿಗೆ ಇಳಿಬಿಟ್ಟು ಕಚ್ಚೆಯಿದೆ ಎಂದು ನಂಬಿಸುತ್ತಿದ್ದರು. ಮಾರ್ತಾಂಡನಿಗೆ ಅದು ಆಗುವ ಮಾತಲ್ಲ. ಬಾಳುವಿನಂಥ ಬಾಳುವಿಗೆ ಅವನು ಮೋಸದ ಕಚ್ಚೆ ಹಾಕಿರಲಿಲ್ಲ, ಗೌರಿಗೆ ಹಾಕುತ್ತಾನೆಯೇ? ಸೀರೆ ಕೆಳಗಿಟ್ಟು ಅಂಗಳಕ್ಕೆ ಬಂದು ನಿಂತ. ಯಾರದೋ ಬಾಗಿಲಲ್ಲಿ ಒನಕೆ ನಿಲ್ಲಿಸಿದ್ದು ಕಾಣಿಸಿತು.

ವಾಡೆಯಲ್ಲಿದ್ದ ಒನಕೆಗಳನ್ನೆಲ್ಲ ಅವನು ಒಟ್ಟು ಮಾಡಿದ. ನಾಲ್ಕು ಬಿಡಾರಗಳಿಂದ ನಾಲ್ಕು ಸಿಕ್ಕವು. ತೊಳೆದು ಒರೆಸಿದ. ಎರಡು ಎತ್ತರದ ಸ್ಟೂಲು ತಂದು ಅವುಗಳ ಮೇಲೆ ಕೋಠಿ ಕೂಡಿಸಿದ. ಸ್ಟೂಲಿನ ಮುಂದಿನ ಕಾಲುಗಳಿಗೆ ಒಂದೊಂದು ಒನಕೆ ಬಿಗಿದು, ಅದಕ್ಕೆ ಮಡಿಬಟ್ಟೆ ಸುತ್ತಿ ಮಂಡಿ, ಮೀನಖಂಡ ಮಾಡಿದ. ಅಂಬಾಳಿಂದ ಹೋಳಿಗೆಯ ಕಣಕ ಕೇಳಿ ಇಸಿದುಕೊಂಡು, ಅರಿಷಿಣ ಕಲಸಿ, ಪಾದ ತಿದ್ದಿದ. ಬೆರಳಿಗೆ ಕಾಲುಂಗುರ ಹಾಕಿದ. ಆಮೇಲೆ ಸೀರೆ ತೆಗೆದುಕೊಂಡ. ಈಗ ಕಚ್ಚೆ ನಿಜವಾಗಿಯೂ ಕಾಲ ನಡುವೆ ಹಾದು ಹಿಂದೆ ಹೋಗಿ ಸಿಕ್ಕಿಕೊಂಡಿತು. ಒಂದೊಂದು ನಿರಿಗೆಯೂ ತಾನು ಹೇಳಿದಲ್ಲಿ ನಿಂತಿತು. ಎಷ್ಟೋ ತಿಂಗಳ ಮೇಲೆ ಅವನ ಕೈಗೆ ಮಾಡಲು ಕೆಲಸ ಸಿಕ್ಕಿತ್ತು. ಅದರ ಭರದಲ್ಲಿ ಹೆಂಡತಿ ಹೇಳಿದ ಕೊನೆಯ ಮಾತು ಮರೆತುಹೋಯಿತು.

ತಂಗಿ ಗೌರಿಯನ್ನು ಎರಡೂ ಪಾದ ಕೂಡಿಸಿ ನಿಲ್ಲಿಸಿದ. ಅಕ್ಕ ಗೌರಿಯ ಬಲಗಾಲಿನ ಒನಕೆಯನ್ನು ಒಂದಿಷ್ಟು ಓರೆ ಮಾಡಿ, ಪಾದವನ್ನು ಮುಂದೆ ಇಟ್ಟ. ನಾಯಕಿಯ ನಿಲುವು ಅದು. ಹಾಗೆ ನಿಂತರೆ ನಿರಿಗೆ ಬಿಚ್ಚಿಕೊಂಡು ಅಂಚಿನ ಜರಿ ಎಲ್ಲರಿಗೂ ಕಾಣುತ್ತದೆ.

ಸಂಜೆ ಗೌರಿಯ ಮುಖಗಳನ್ನು ತುಳಸಿಕಟ್ಟೆಯಿಂದ ಒಳಗೆ ತಂದರು. ಅಂಬಾ ತಲೆಬಾಗಿಲಿಂದ ದೇವರ ಕೋಣೆಯತನಕ ಕುಂಕುಮದ ಹೆಜ್ಜೆ ಮೂಡಿಸಿದಳು. ಜಾಗಟೆ ಬಾರಿಸಿದರು, ಮುಖ ಇಟ್ಟರು, ಅಕ್ಷತೆ ಹಾಕಿದರು. ಆಮೇಲೆ ಕೃಷ್ಣಾಬಾಯಿ ಹಿಂದೆ ಸರಿದು ಕಣ್ತುಂಬ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಇಳಿಯಿತು.

"ಮಾರ್ತಾಂಡ, ಈಕಿ ಎಲ್ಲಿಗೆ ಹೊಂಟಾಳ?"

ಮಾರ್ತಾಂಡನಿಗೆ ಹಿಗ್ಗಾಯಿತು. ನಿಲುವನ್ನು ಗುರುತಿಸುವ ಪ್ರೇಕ್ಷಕರು ಸಿಗುವುದು ಅಪರೂಪ.

"ಅರಮನಿ ಬಿಟ್ಟು ಹೊಂಟಾಳ, ಕಾಕು. ಮೂರನೇ ಅಂಕದಾಗ ನಾಯಕಿ ಹಿಂಗ ನಿಂದರತಾಳ."

ದೇವರ ಕೋಣೆಯಲ್ಲಿದ್ದವರೆಲ್ಲರ ಕಣ್ಣು ಗೌರಿಯ ಕಾಲಿಗೆ ಇಳಿಯಿತು. ಗೌರಿಯ ಬಲಪಾದ ನೆಟ್ಟಗೆ ತಲೆಬಾಗಿಲ ಕಡೆ ತಿರುಗಿತ್ತು. ಮನೆಯ ಲಕ್ಷ್ಮಿ, ಬಂದ ಗಳಿಗೆಯಲ್ಲೇ, ಮನೆ ಬಿಟ್ಟು ಹೊರಡಲು ಹೆಜ್ಜೆ ಎತ್ತಿದ್ದಳು. ಮುಖ ಇಟ್ಟಾಗಿತ್ತು. ಇನ್ನು ಪಾದ ತಿರುಗಿಸುವಂತಿರಲಿಲ್ಲ, ಕೋಠಿ ಸರಿಸುವಂತಿರಲಿಲ್ಲ. ಕಣಕದಲ್ಲಿ ತಿದ್ದಿದ ಹೆಬ್ಬೆರಳು ಕೂಡ ಹೊಸ್ತಿಲನ್ನೇ ತೋರಿಸುತ್ತಿತ್ತು.

ಕೃಷ್ಣಾಬಾಯಿ ಬಯ್ಯಲಿಲ್ಲ. ಬಯ್ದಿದ್ದರೆ ಮಾರ್ತಾಂಡ ತಡೆದುಕೊಳ್ಳುತ್ತಿದ್ದ. "ನಾಳೆ ಪೂಜಿ ಆಗೂತನಕ ನಾ ಬಾಯಾಗ ಹನಿ ನೀರು ಹಾಕಂಗಿಲ್ಲ," ಎಂದಳು. ಆಮೇಲೆ, "ನೀವು ಧಾರವಾಡಕ್ಕ ಹೋಗೂದ ಛಲೋ ಅನಸ್ತದ, ಮಾರ್ತಾಂಡ. ಆ ಖೋಲಿಗೆ ನಾ ಬ್ಯಾರೆಯವರನ್ನ ನೋಡ್ತೀನಿ," ಎಂದಳು.

ಅವನು ಮೇಲೆ ಬಂದು ಹೆಂಡತಿಯಿಂದ ಮಾರು ದೂರದಲ್ಲಿ ಕೂತ. ನಡೆದದ್ದನ್ನು ಹೇಳಿದ. ಇದ್ದ ಕೆಲಸ ಹೋಗಿತ್ತು, ಈಗ ಕೋಣೆಯೂ ಹೋಯಿತು. ಅದಕ್ಕಿಂತ ಹೆಚ್ಚಾಗಿ ಆ ಮುದುಕಿ ಒಣ ಬಾಯಿಯಲ್ಲಿ ರಾತ್ರಿ ಕಳೆಯುತ್ತಾಳಲ್ಲ ಎಂದು ಅವನಿಗೆ ಸಂಕಟವಾಗುತ್ತಿತ್ತು.

ನರ್ಮದಾ ಚಾಪೆಯ ಮೇಲೆ ಎದ್ದು ಕೂತಳು. "ಕಂಪನ್ಯಾಗ ಬಾಳು ಹಿಂಗ ತಪ್ಪು ದಿಕ್ಕಿಗೆ ನಿಂತಿದ್ರ ಏನು ಮಾಡ್ತಿದ್ರಿ?"

"ಪರದೆ ಎದ್ದ ಮ್ಯಾಲೆ ನಟನ್ನ ತಿರಗಿಸಲಿಕ್ಕೆ ಬರಂಗಿಲ್ಲ."

"ಆಕೀನ ತಿರಗಿಸಲಿಕ್ಕೆ ಬರದಿದ್ರ ಬಾಗಲಾ ತಿರಗಸ್ರಿ."

ಮಾರ್ತಾಂಡ ಅವಳನ್ನೇ ನೋಡಿದ. ಆಮೇಲೆ ಎದ್ದು ಹಿತ್ತಲಿಗೆ ಹೋದ.

ಆ ಬೇಸಿಗೆಯಲ್ಲಿ ವಾಡೆಯ ಬಚ್ಚಲು ಹೊಸದಾಗಿ ಕಟ್ಟಿಸಿದ್ದರು. ಕಿತ್ತು ತೆಗೆದ ಹಳೆಯ ಚೌಕಟ್ಟು ಹಿತ್ತಲ ಗೋಡೆಗೆ ಒರಗಿಕೊಂಡು ಬಿದ್ದಿತ್ತು. ಬೆಳಗಾಗುವ ಮೊದಲೇ ಮಾರ್ತಾಂಡ ಅದನ್ನು ಬಾವಿಯ ನೀರಿನಲ್ಲಿ ತಿಕ್ಕಿ ತೊಳೆದು, ಮೇಲಿಂದ ಕೆಳಗೆ ಅರಿಷಿಣ ಬಳಿದು, ಕುಂಕುಮದ ಬೊಟ್ಟಿಟ್ಟು, ಮಾವಿನೆಲೆಯ ತೋರಣ ಕಟ್ಟಿದ. ಅದನ್ನು ತಂದು, ಗೌರಿಯ ಸೆರಗಿಗೂ ತಾಗದಂತೆ, ಅವಳ ಬೆನ್ನ ಹಿಂದೆ ನಿಲ್ಲಿಸಿದ. ಕೆಳಗೆ ಹೊಸ್ತಿಲು, ಹೊಸ್ತಿಲ ಮೇಲೆ ರಂಗೋಲಿ. ಅಂಬಾ ಮೂಡಿಸಿದ್ದ ಹೆಜ್ಜೆಗಳನ್ನು ಒರೆಸಿ, ಬೇರೆ ಹೆಜ್ಜೆ ಮೂಡಿಸಿದ. ಅವು ತಲೆಬಾಗಿಲಿಂದ ಹೊರಟು, ಗೋಡೆಗುಂಟ ಹೋಗಿ, ಗೌರಿಯ ಹಿಂದಕ್ಕೆ ತಿರುಗಿ, ಆ ಚೌಕಟ್ಟು ದಾಟಿ ಅವಳ ಕಾಲ ಬಳಿ ಬಂದು ಮುಗಿದವು. ಎಡಗಾಲು ಹೊಸ್ತಿಲ ಹತ್ತಿರ, ಬಲಗಾಲು ಮನೆಯ ಒಳಗೆ. ತಂಗಿ ಗೌರಿ ಮೊದಲೇ ಒಳಗೆ ಬಂದು, ಅಕ್ಕನಿಗಾಗಿ ಕಾದು ನಿಂತಂತೆ ಇತ್ತು.

ಕೃಷ್ಣಾಬಾಯಿ ಸ್ನಾನ ಮಾಡಿ ಬಂದು ಬಾಗಿಲಲ್ಲೇ ನಿಂತಳು. ಒಣಗಿದ ತುಟಿ. ಬಹಳ ಹೊತ್ತು ನೋಡಿದಳು.

"ಈಗ ಎಲ್ಲಿಗೆ ಹೊಂಟಾಳ?"

"ಎಲ್ಲಿಗೂ ಇಲ್ಲ, ಕಾಕು. ಈಗ ಬಂದ್ಲು."

ಮುದುಕಿ ಸೆಟೆದ ಬೆರಳುಗಳನ್ನು ಹೇಗೋ ಕೂಡಿಸಿ ಕೈ ಮುಗಿದಳು. ಗೌರಿಗೆ ಮುಗಿದದ್ದೇ ಆದರೂ ಮಾರ್ತಾಂಡ ಅವಳ ಎದುರಿನಲ್ಲೇ ನಿಂತಿದ್ದರಿಂದ ಸಂಕೋಚಪಟ್ಟು ಪಕ್ಕಕ್ಕೆ ಸರಿದ.

ಸಂಜೆ ಅರಿಷಿಣ ಕುಂಕುಮಕ್ಕೆ ಪೇಠೆಯ ಹೆಂಗಸರು ಬಂದರು. ಬಾಗಿಲಿಗೆ ಬಂದವರು "ಆಲೀ ಗ ಬಾಈ" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಬಂದಳಮ್ಮ ಗೌರಿ, ಎಂದು. ಅವರು 'ಬಂದಳು' ಎಂದದ್ದು ಕೇಳಿ ಮಾಡಿಯ ಮೆಟ್ಟಿಲ ಮೇಲೆ ನಿಂತಿದ್ದ ಮಾರ್ತಾಂಡ ಉಸಿರು ಬಿಟ್ಟ. ನೋಡಿ ಹೋದವರು ಇನ್ನೊಬ್ಬರನ್ನು ಕರೆದುಕೊಂಡು ಬಂದರು. ಆ ಬಾಗಿಲು ಯಾವ ದೇವಸ್ಥಾನದ್ದು ಎಂದು ಒಬ್ಬಾಕೆ ಕೇಳಿದಳು. ಹಳೆಯದು, ಬಹಳ ಹಳೆಯದು ಎಂದಳು ಕೃಷ್ಣಾಬಾಯಿ. ಬಚ್ಚಲಿನ ಮಾತು ವಾಡೆಯ ಹೊರಗೆ ಹೋಗಲಿಲ್ಲ. ಒನಕೆ ಕೊಟ್ಟ ನಾಲ್ಕೂ ಮನೆಯವರು ಮಾತ್ರ, ಗೌರಿಯ ಕಾಲು ನಮ್ಮದು ಎಂದು ಬಂದವರಿಗೆಲ್ಲ ಹೇಳಿದರು.

ಮುಂದಿನದು ಪುಣೆಯ ತುಳಶೀಬಾಗದ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಳೆ, ಕುಂಕುಮ, ದೇವರ ಸಾಮಾನಿನ ಅಂಗಡಿಗಳ ನಡುವೆ ಗಂಡ ಹೆಂಡತಿಯ ಒಂದು ಗೂಡಂಗಡಿ. ಬಡಗಿಯಿಂದ ಮಾಡಿಸಿದ, ಕಾಲಿರುವ ಗೌರಿಯ ಮರದ ಮೈ ಅಲ್ಲಿ ಸಿಗುತ್ತಿತ್ತು; ನವರಾತ್ರಿಯ ದೇವಿಗೆ, ಮಂಗಳಗೌರಿಗೆ, ಮಠದ ಉತ್ಸವಮೂರ್ತಿಗೆ ಸೀರೆ ಉಡಿಸಲು ಮಾರ್ತಾಂಡ ಹೋಗುತ್ತಿದ್ದ. ಮನೆಯೊಳಗಿನ ಹೆಂಗಸರೊಡನೆ ಮಾತಾಡುವುದು, ಅಂಗಡಿ ನೋಡುವುದು ನರ್ಮದಾಳ ಕೆಲಸ. ಗಿರಾಕಿ ಬಂದ ಕೂಡಲೇ ಮಾರ್ತಾಂಡ ಕೇಳುತ್ತಿದ್ದ ಮೊದಲ ಮಾತು, ನಿಮ್ಮ ಮನೆಯ ಬಾಗಿಲು ಯಾವ ಕಡೆ ಇದೆ ಎಂದು. ಸ್ವಾತಂತ್ರ್ಯ ಬಂದ ವರ್ಷ ಗಣಪತಿ ಉತ್ಸವದ ಹುಡುಗರು ಹೆಜ್ಜೆ ಮುಂದಿಟ್ಟ ಭಾರತಮಾತೆ ಬೇಕು ಎಂದು ಬಂದರು. ಚಪ್ಪರದ ಬಾಗಿಲು ಎಲ್ಲಿ ಎಂದು ಅವರಿಗೂ ಕೇಳಿದ. ಇನ್ನೂ ಹಾಕಿಲ್ಲ ಎಂದರು. ಹಾಕಿದ ಮೇಲೆ ಬನ್ನಿ ಎಂದು ಕಳಿಸಿದ.

ಇದೆಲ್ಲ ನಡೆಯದೇ ಹೋಗುವ ಸಾಧ್ಯತೆ ಬಹಳ ಇತ್ತು. ಅದು ತೀರ್ಮಾನವಾದದ್ದು ಗೌರಿಯ ಎದುರಿನಲ್ಲಲ್ಲ, ಆ ವರ್ಷದ ಹಬ್ಬದ ಮೂರನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ.

ಆ ದಿನ ಬೆಳಗಿನ ಗಾಡಿಗೆ ರಾಘಣ್ಣ ಬಂದಿಳಿದ. ಕೆಳಗೆ ಗೌರಿಗೆ ಕೈ ಮುಗಿದು, ಮೇಲೆ ಬಂದು, ಕೋಣೆಯಲ್ಲಿ ಕಟ್ಟಿಟ್ಟಿದ್ದ ಎರಡು ಗಂಟು, ಒಂದು ಟ್ರಂಕು ನೋಡಿ ಸಮಾಧಾನಪಟ್ಟ. ನರ್ಮದಾ ಇನ್ನೂ ಮೂಲೆಯಲ್ಲೇ ಇದ್ದಳು. ಅಡಿಗೆ ಮಾರ್ತಾಂಡನದು. ಅವನು ಭಾವಮೈದುನನಿಗೆ ಎಲೆ ಹಾಕಿ ಅನ್ನ ಸಾರು ಬಡಿಸಿದ. ಬಡಿಸುವಾಗ ಅವನ ಮನಸ್ಸು ಕೆಳಗೆ ಗೌರಿಯ ಬಳಿ ಇತ್ತು. ಗೌರಿ ನೋಡಿ ಹೋದ ಒಬ್ಬ ವ್ಯಾಪಾರಿಯ ಹೆಂಡತಿ ನವರಾತ್ರಿಗೆ ಬರಲು ಹೇಳಿದ್ದಳು, ಇನ್ನೊಬ್ಬಾಕೆ ಬರುವ ವರ್ಷ ನಮ್ಮ ಗೌರಿಗೂ ಕಾಲು ಬೇಕು ಎಂದಿದ್ದಳು, ಕೃಷ್ಣಾಬಾಯಿ ಕೋಣೆಯ ಮಾತನ್ನು ಮತ್ತೆ ಎತ್ತಿರಲಿಲ್ಲ. ಅಷ್ಟೇ. ಅಷ್ಟನ್ನು ಹಿಡಿದುಕೊಂಡು, ಇಷ್ಟು ದೂರ ಬಂದ ಒಳ್ಳೆಯ ಮನುಷ್ಯನಿಗೆ ನಾನು ಬರುವುದಿಲ್ಲ ಎಂದು ಯಾವ ಮುಖ ಹೊತ್ತು ಹೇಳುವುದು? ಎರಡು ಸಲ ಬಾಯಿ ತೆರೆದ. ಎರಡೂ ಸಲ, "ಇನ್ನಷ್ಟು ಅನ್ನ?" ಎಂದು ಕೇಳಿ ಮುಚ್ಚಿದ.

"ಸಂಜಿ ಗಾಡಿಗೆ ಹೋಗೂಣು," ಎಂದ ರಾಘಣ್ಣ.

"ನಾವು ಬರಂಗಿಲ್ಲ ಅಣ್ಣ," ಎಂದಳು ನರ್ಮದಾ, ಹೊರಗಿನಿಂದ.

ರಾಘಣ್ಣನ ಕೈ ಎಲೆಯ ಮೇಲೆ ನಿಂತಿತು. "ಯಾಕ? ಗೌರಿ ಛಲೋ ಆಗ್ಯಾಳ ಅಂತನ? ನಾನೂ ನೋಡೀನಿ, ಛಲೋನ ಆಗ್ಯಾಳ. ಆದ್ರ ವರ್ಷಕ್ಕ ಮೂರು ದಿನದ ಕೆಲಸಾ ಅದು. ನೀ ಕಣ್ಣಲೆ ನೋಡೀಯೇನು ಆಕೀನ?"

"ನಾ ಹ್ಯಾಂಗ ನೋಡ್ಲಿ? ಇಲ್ಲೇ ಕೂತೀನಿ. ನನ್ನ ಸ್ನಾನ ಆಗೂದ್ರಾಗ ಆಕಿ ಹೋಗಿರತಾಳ."

"ಮತ್ತ ಯಾವ ನಂಬಿಕಿ ಮ್ಯಾಲೆ ಇರ್ತೀನಿ ಅಂತಿ?"

ಬಾಗಿಲ ಆಚೆಯಿಂದ ತಂಬಿಗೆ ಕೆಳಗಿಟ್ಟ ಸದ್ದು ಬಂತು.

"ಸಾರು ಹ್ಯಾಂಗ ಅದ, ಅಣ್ಣ?"

ರಾಘಣ್ಣ ಸಂಕೋಚದಿಂದ ಮಾರ್ತಾಂಡನ ಕಡೆ ನೋಡಿದ. "ಅದ, ಛಲೋನ ಅದ."

"ಉಪ್ಪಿಲ್ಲ. ಮೂರು ದಿನದಿಂದ ಉಪ್ಪಿಲ್ಲ. ನಿನ್ನೆ ಪಲ್ಯಕ್ಕ ಎರಡು ಸಲ ಖಾರ ಹಾಕಿದ್ರು." ನರ್ಮದಾಳ ದನಿ ಎಂದಿನಂತೆಯೇ ಇತ್ತು. "ಮಂಡಳಿ ಮುಚ್ಚಿದಾಗಿಂದ ನಾ ಮಾಡಿದ ಅಡಿಗ್ಯಾಗ ಏನು ಹಾಕಿದ್ರೂ ಉಂಡು ಏಳ್ತಿದ್ರು. ಒಂದು ದಿನ ನಾನ ಬೇಕಂತ ಉಪ್ಪು ಬಿಟ್ಟೆ. ಗೊತ್ತಾಗಲಿಲ್ಲ. ಮನುಷ್ಯಾನ ಧ್ಯಾನ ಎಲ್ಲೂ ಇದ್ದಿಲ್ಲ, ಅಣ್ಣ. ನನಗ ಭಾಳ ಅಂಜಿಕಿ ಆಗಿತ್ತು. ಈಗ ಉಪ್ಪು ಮರತಾರ, ಯಾಕಂದ್ರ ಧ್ಯಾನ ಕೆಳಗ ಅದ. ಇಷ್ಟು ಸಾಕು ನನಗ. ಹೊಟ್ಟಿದು ಹ್ಯಾಂಗರೆ ನೋಡಿಕೋತೀವಿ."

ರಾಘಣ್ಣ ಇನ್ನೊಂದು ತುತ್ತು ಉಂಡ. ಮಾರ್ತಾಂಡ ಸಾರಿನ ಸೌಟು ಹಿಡಿದುಕೊಂಡು ಒಲೆಯ ಕಡೆ ತಿರುಗಿ ನಿಂತಿದ್ದ. ಆ ಬೇಸಿಗೆಯಿಂದ ಅವಳು ಅಂಜಿಕೊಂಡಿದ್ದಳು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

"ಉಪ್ಪಿಲ್ಲ ಅಂತ ನನಗೂ ಮೊದಲನೇ ತುತ್ತಿಗೇ ಗೊತ್ತಾತು," ಎಂದ ರಾಘಣ್ಣ ಕೊನೆಗೆ. "ಮಾರ್ತಾಂಡರಾವ್, ಸಂಜಿ ಗಾಡಿಗೆ ನಾ ಒಬ್ಬನ ಹೋಗ್ತೀನಿ. ನೀವು ಗಂಟು ಬಿಚ್ಚಿಕೊಳ್ರಿ. ಈಗ ಒಂದು ಹರಳು ಉಪ್ಪು ಹಾಕ್ರಿ."

ರಾಘಣ್ಣ ಉಂಡು ಎದ್ದ. ಮಾರ್ತಾಂಡ ನರ್ಮದಾಳ ತಾಟು ಹೊರಗೆ ಒಯ್ದು ಅವಳ ಮುಂದೆ ಇಟ್ಟ. ಆಮೇಲೆ ತಾನು ಕೂತು ಅನ್ನಕ್ಕೆ ಸಾರು ಹಾಕಿಕೊಂಡು ಮೊದಲ ತುತ್ತು ಬಾಯಿಗಿಟ್ಟ. ರಾಘಣ್ಣ ಕೇಳಿದ ಉಪ್ಪನ್ನು ಅವನ ಎಲೆಯ ಮೇಲೆ ಹಾಕಿದ್ದನೇ ಹೊರತು ಪಾತ್ರೆಗೆ ಹಾಕಿರಲಿಲ್ಲ. ಸಾರು ಬಿಸಿನೀರಿನಂತೆ ಸಪ್ಪಗಿತ್ತು. ಅದು ಸಪ್ಪಗಿದೆ ಎಂದು ಈ ಸಲ ನಾಲಿಗೆಗೆ ತಿಳಿಯಿತು. ಮಾರ್ತಾಂಡನ ಕಣ್ಣು ತುಂಬಿ ಬಂತು. ಅವನು ಎದ್ದು ಹೋಗಿ ಉಪ್ಪಿನ ಮರಿಗೆ ತೆಗೆದುಕೊಂಡು, ಮೊದಲು ಹೊರಗೆ ಹೋಗಿ, ಹೆಂಡತಿಯ ತಾಟಿಗೆ ಮೇಲಿನಿಂದ ಒಂದು ಚಿಟಿಕೆ ಹಾಕಿದ.